ಐದು ವರ್ಷದ ಕುದುರೆಗೆ ಯಾಕಪ್ಪಾ ಇಷ್ಟು ಅವಸರ?

ಮೊನ್ನೆ ಶನಿವಾರ ನಾನು ಸೋತೆ. ಹಾಗಂತ ಬೋರ್ಡು ಹೇಳ್ತಿತ್ತು. ನನ್ನ ನಂಬರಿನ ಎದುರು ಡ್ರೆಸ್ಸಾಜ್ 33.5, ಶೋ ಜಂಪಿಂಗ್ 4, ಕ್ರಾಸ್ ಕಂಟ್ರಿ ಅನ್ನೋ ಕಾಲಮ್ಮಿನಲ್ಲಿ ಅಂಕಿಯೇ ಇಲ್ಲ, ಬರೀ 'ಆರ್' ಅನ್ನೋ ಒಂದಕ್ಷರ. ರಿಟೈರ್ಡ್ ಅಂತ. ಅರ್ಧಕ್ಕೇ ಬಿಟ್ಟು ಬಂದ ಆಸಾಮಿ ಅಂತ.

ಅವತ್ತಿಂದ ನನಗೆ ಬುದ್ಧಿ ಹೇಳದೆ ಇರೋ ಮನುಷ್ಯರೇ ಉಳಿದಿಲ್ಲ. ಲಾಯದಲ್ಲಿ ಹೇಳಿದರು, ಲಾರಿ ನಿಲ್ಲಿಸೋ ಮೈದಾನದಲ್ಲಿ ಹೇಳಿದರು, ಬೆಂಗಳೂರಿಂದ ಫೋನು ಮಾಡಿದ ನಮ್ಮ ಭಾವನೂ ಹೇಳಿದರು. ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಇಲ್ಲಿ ಒಂದೇ ಸಲ ಬರೆದುಬಿಡ್ತೀನಿ. ಸ್ವಲ್ಪ ಖಾರ ಜಾಸ್ತಿ ಇರುತ್ತೆ, ತಡಕೊಳ್ಳಿ :)

ಮೊದಲು ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾನಿರೋದು ಇಂಗ್ಲೆಂಡಿನ ಸ್ವಿಂಡನ್ ಹತ್ರ. ವಾರವೆಲ್ಲ ಕಂಪ್ಯೂಟರು, ವಾರಾಂತ್ಯ ಕುದುರೆ. ಈವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಡ್ರೆಸ್ಸಾಜಿನಲ್ಲಿ ಕುದುರೆ ಎಷ್ಟು ಹದವಾಗಿ, ಹೇಳಿದ ಮಾತು ಕೇಳಿಕೊಂಡು ನಡೆಯುತ್ತೆ ಅಂತ ನೋಡ್ತಾರೆ. ಶೋ ಜಂಪಿಂಗಿನಲ್ಲಿ ಮುಟ್ಟಿದರೆ ಬೀಳೋ ಬಣ್ಣದ ಕಂಬಗಳು, ಒಂದು ಬಿದ್ದರೆ 4 ಪೆನಾಲ್ಟಿ. ಕ್ರಾಸ್ ಕಂಟ್ರಿಯಲ್ಲಿ ಹೊಲ, ಕಾಡಂಚು, ಇಳಿಜಾರುಗಳ ಮೇಲೆ ಓಡುತ್ತಾ ಅಲ್ಲಾಡದ ದಿಮ್ಮಿ, ಹಳ್ಳ, ನೀರು ಎಲ್ಲ ದಾಟಬೇಕು. ದೊಡ್ಡ ಸ್ಪರ್ಧೆಗಳು ಮೂರು-ನಾಲ್ಕು ದಿನ ನಡೆಯುತ್ತವೆ. ನಮ್ಮಂಥವರ ಸ್ಪರ್ಧೆಯಲ್ಲಿ ಬೆಳಿಗ್ಗೆಯಿಂದ ಸಾಯಂಕಾಲದೊಳಗೆ ಮೂರೂ ಮುಗಿಯುತ್ತೆ. ಯಾರಿಗೆ ಪೆನಾಲ್ಟಿ ಕಡಿಮೆಯೋ ಅವರು ಗೆದ್ದ ಹಾಗೆ.

ನಾನು ಹೋಗಿದ್ದು ಕೆಳಗಿನ ದರ್ಜೆಗೆ. ಕ್ರಾಸ್ ಕಂಟ್ರಿ ಬೇಲಿಗಳ ಎತ್ತರ ಹೆಚ್ಚೆಂದರೆ 80 ಸೆಂಟಿಮೀಟರು, ವೇಗ ನಿಮಿಷಕ್ಕೆ 435 ಮೀಟರು. ಲೆಕ್ಕಕ್ಕೆ ಇದು ಏನೂ ಅಲ್ಲ. ಆದರೆ ನನ್ನ ಜೊತೆ ಇದ್ದದ್ದು ಐದು ವರ್ಷದ ರಾಗಿ. ಐರ್ಲೆಂಡಿನಲ್ಲಿ ಹುಟ್ಟಿದ ಕುದುರೆ. ಪಾಸ್‌ಪೋರ್ಟಿನಲ್ಲಿ ಏನೋ ಉದ್ದದ ಹೆಸರಿದೆ, ಮೈಬಣ್ಣ ನೋಡಿ ನಾನು ರಾಗಿ ಅಂತ ಕರೆದೆ. ಲಾಯದ ಹುಡುಗಿಯರು "ರ್‍ಯಾಗೀ" ಅಂತಾರೆ, ಅದಕ್ಕೂ ಅವನು ಕಿವಿ ನಿಮಿರಿಸ್ತಾನೆ. ಅವನ ಬದುಕಿನ ಮೊದಲನೇ ಸ್ಪರ್ಧೆ ಇದು.

ಡ್ರೆಸ್ಸಾಜ್ ಚೆನ್ನಾಗೇ ಆಯ್ತು. ಪಕ್ಕದ ಅಂಕಣದಲ್ಲಿ ಇನ್ನೊಂದು ಕುದುರೆ ಕೆನೆದಾಗ ಒಂದು ಸಲ ತಲೆ ಎತ್ತಿದ, ಅಷ್ಟೇ. ಶೋ ಜಂಪಿಂಗಿನಲ್ಲಿ ಒಂದು ಕಂಬ ಬಿತ್ತು. ಬಿದ್ದ ಸದ್ದಿಗೆ ಅವನೇ ತಿರುಗಿ ನೋಡಿದ, ಪಾಪ. ಕ್ರಾಸ್ ಕಂಟ್ರಿಯಲ್ಲಿ ಮೊದಲ ಒಂಬತ್ತು ಬೇಲಿ ದಾಟಿದ್ದು ನೋಡಿದ್ದರೆ ನೀವೂ ಸಿಳ್ಳೆ ಹೊಡೀತಿದ್ರಿ. ಹತ್ತನೆಯದು ನೀರು. ಸಣ್ಣ ಕೆರೆಯಂಥದು, ಒಳಗೆ ಮೊಣಕಾಲವರೆಗೂ ನೀರಿಲ್ಲ. ಆದರೆ ಹೊತ್ತು ಇಳಿದಿತ್ತು, ಬಿಸಿಲು ಓರೆಯಾಗಿ ಬಿದ್ದು ನೀರೆಲ್ಲ ತಗಡಿನ ಹಾಗೆ ಹೊಳೀತಿತ್ತು.

ರಾಗಿ ನಿಂತ. 20 ಪೆನಾಲ್ಟಿ. ಸುತ್ತು ಹಾಕಿ, ನಿಧಾನಕ್ಕೆ ಟ್ರಾಟಿನಲ್ಲೇ ತಂದೆ. ದಡಕ್ಕೆ ಮೂಗು ತಾಗಿಸಿ ಮತ್ತೆ ನಿಂತ. ಇನ್ನೂ 40. ಅವನ ಎದೆ ನನ್ನ ಕಾಲುಗಳ ನಡುವೆ ಢಬಢಬ ಹೊಡೆದುಕೊಳ್ತಿತ್ತು. ಇದೇ ಬೇಲಿಯಲ್ಲಿ ಮೂರನೇ ಸಲ ನಿಂತರೆ ಸ್ಪರ್ಧೆಯಿಂದಲೇ ಹೊರಗೆ. ಹಗ್ಗದ ಆಚೆಯಿಂದ ಯಾರೋ ಕೂಗಿದರು, "ಹಾಕು ಎರಡು, ಹೋಗ್ತಾನೆ!"

ಹೋಗ್ತಿದ್ದನೇನೋ. ಖಂಡಿತ ಹೋಗ್ತಿದ್ದ ಅಂತಲೇ ಇಟ್ಟುಕೊಳ್ಳಿ. ನಾನು ಕೈ ಎತ್ತಿದೆ, ಬೇಲಿ ಜಡ್ಜಿಗೆ ಥ್ಯಾಂಕ್ಸ್ ಹೇಳಿದೆ, ಲಗಾಮು ಸಡಿಲ ಬಿಟ್ಟು ನಡೆಸಿಕೊಂಡು ವಾಪಸ್ ಬಂದೆ.

ಇಷ್ಟೇ ನಾನು ಮಾಡಿದ ಅಪರಾಧ.

ಭಾವ ಕೇಳಿದ್ದು, "ಏನಮ್ಮಾ, ಫೇಲಾ? ಎಂಟ್ರಿ ಫೀಸು ವಾಪಸ್ ಕೊಡ್ತಾರಾ?" ಇಲ್ಲ ಭಾವ, ಕೊಡಲ್ಲ. ಡೀಸೆಲ್ಲಿನ ದುಡ್ಡೂ ಕೊಡಲ್ಲ. ಅಮ್ಮ ಮಾತ್ರ ಕೇಳಿದ್ದು, "ಮನೆಗೆ ಬಂದ ಮೇಲೆ ಕುದುರೆ ಹೊಟ್ಟೆ ತುಂಬ ತಿಂತಾ?" ಇಡೀ ವಾರದಲ್ಲಿ ಕುದುರೆ ವಿಷಯ ಕೇಳಿದವರು ಅವರೊಬ್ಬರೇ. ಮಿಕ್ಕವರೆಲ್ಲ ಬೋರ್ಡಿನ ವಿಷಯ ಕೇಳಿದರು.

ಈಗ ಬುದ್ಧಿಮಾತುಗಳಿಗೆ ಬರ್ತೀನಿ. ಅದರಲ್ಲಿ ಮೊದಲನೆಯದು, "ಯಜಮಾನ ಯಾರು ಅಂತ ಅವನಿಗೆ ಗೊತ್ತಾಗಬೇಕಿತ್ತು."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಯಾಕೆ ಅಂತ ಹೇಳಬೇಕಾದರೆ ಒಂದು ಹಳೇ ಕಥೆ ಹೇಳಬೇಕು. ಮೂರು ವರ್ಷದ ಹಿಂದೆ ಇನ್ನೊಂದು ಲಾಯದಲ್ಲಿದ್ದಾಗ ಆರು ವರ್ಷದ ಬೂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಓಡಿಸ್ತಿದ್ದೆ. ಒಂದು ಸ್ಪರ್ಧೆಯಲ್ಲಿ ಹಳ್ಳದ ಮುಂದೆ ಹಿಂಜರಿದಳು. ಆಗ ನನಗೂ ಇದೇ ಬುದ್ಧಿ ಹೇಳಿಕೊಟ್ಟಿದ್ದರು, ನಾನೂ ನಂಬಿದ್ದೆ. ಒಂದು ಘಟನೆಗೆ ಎರಡು ಏಟಿಗಿಂತ ಹೆಚ್ಚು ಹೊಡೆಯೋ ಹಾಗಿಲ್ಲ ಅಂತ ನಿಯಮ. ನಾನು ಎರಡೇ ಹೊಡೆದೆ. ಹಾರಿದಳು. ಹಳ್ಳದಿಂದ ಒಂದೂವರೆ ಮಾರು ಆಚೆ ಹೋಗಿ ಬಿದ್ದಳು ಅನ್ನೋ ಹಾಗೆ ಹಾರಿದಳು. ಅಲ್ಲಿಂದ ಮುಂದೆ ಒಂದು ಕಡೆಯೂ ನಿಲ್ಲಲಿಲ್ಲ. ಆರನೇ ಸ್ಥಾನ, ರಿಬ್ಬನ್ನು, ಫೋಟೋ, ಚಪ್ಪಾಳೆ ಎಲ್ಲ ಆಯ್ತು.

ಮುಂದಿನ ಸ್ಪರ್ಧೆಗೆ ಅವಳು ಲಾರಿ ಹತ್ತಲಿಲ್ಲ. ಒಂದೂವರೆ ಗಂಟೆ ಒದ್ದಾಡಿ ಹತ್ತಿಸಿದೆವು. ಅಲ್ಲಿ ಹೋದ ಮೇಲೆ ಕ್ರಾಸ್ ಕಂಟ್ರಿ ಶುರುವಾಗೋ ಕಟ್ಟೆಯೊಳಗೆ ನಿಲ್ಲಿಸಿದರೆ ಗಡಗಡ ನಡುಗ್ತಾ ನಿಂತಳು. "ಐದು, ನಾಲ್ಕು, ಮೂರು" ಅಂತ ಎಣಿಸ್ತಿದ್ದರೆ ಅವಳ ಕುತ್ತಿಗೆಯಿಂದ ಬೆವರು ತೊಟ್ಟಿಕ್ತಿತ್ತು. ಮೊದಲನೇ ದಿಮ್ಮಿಯಲ್ಲೇ ನಿಂತಳು. ಆಮೇಲೆ ಎಲ್ಲ ಕಡೆಯೂ ನಿಂತಳು. ಆ ವರ್ಷದ ಕೊನೆಗೆ ಅವಳನ್ನು ಹಾದಿಯಲ್ಲಿ ಸುಮ್ಮನೆ ಅಡ್ಡಾಡೋಕೆ ಕುದುರೆ ಬೇಕು ಅಂದವರಿಗೆ ಕೊಟ್ಟರು. ಅವಳಿಗೆ ಒಳ್ಳೇದೇ ಆಯ್ತು. ರಿಬ್ಬನ್ನು ಇನ್ನೂ ನನ್ನ ಡ್ರಾಯರಿನಲ್ಲಿದೆ. ಬಿಸಾಕಿಲ್ಲ. ಬೇಕು ಅಂತಲೇ ಇಟ್ಟುಕೊಂಡಿದ್ದೀನಿ.

ನಿಯಮ ನಾನು ಮುರಿಯಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಯಜಮಾನ ಯಾರು ಅಂತ ಆ ಕುದುರೆಗೆ ಚೆನ್ನಾಗಿ ಗೊತ್ತಾಯ್ತು. ಅದರಿಂದಲೇ ಅವಳು ಕೆಟ್ಟಳು.

2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದೇ ಬುದ್ಧಿಯನ್ನು ಇಡೀ ಜಗತ್ತು ಟಿವಿಯಲ್ಲಿ ನೋಡ್ತು. ಮಾಡರ್ನ್ ಪೆಂಟಾಥ್ಲಾನಿನಲ್ಲಿ ಚೀಟಿ ಎತ್ತಿ ಯಾವುದೋ ಗುರುತಿಲ್ಲದ ಕುದುರೆ ಕೊಡ್ತಿದ್ದರು. ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಅನಿಕಾ ಶ್ಲಾಯ್‌ಗೆ ಸೇಂಟ್ ಬಾಯ್ ಅನ್ನೋ ಕುದುರೆ ಬಂತು, ಅದು ಹಾರೋಕೆ ಒಪ್ಪಲಿಲ್ಲ. ಆಕೆ ಅಳುತ್ತಾ ಚಾಟಿ ಬೀಸಿದ್ದು, ಹೊಡಿ ಅಂತ ಕೋಚ್ ಕೂಗಿದ್ದು, ಆ ಕೋಚೇ ಬೇಲಿ ಪಕ್ಕದಿಂದ ಕುದುರೆಗೆ ಗುದ್ದಿದ್ದು ಎಲ್ಲ ರೆಕಾರ್ಡ್ ಆಯ್ತು. ಕೋಚನ್ನು ಆ ಕ್ರೀಡಾಕೂಟದಿಂದ ಹೊರಗೆ ಹಾಕಿದರು. 2024ರ ಪ್ಯಾರಿಸ್ ಆದ ಮೇಲೆ ಆ ಆಟದಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದರು. ನಮ್ಮ ಈವೆಂಟಿಂಗಿನವರು ಅದನ್ನು ನೋಡಿ "ಅವರು ಸವಾರರೇ ಅಲ್ಲ ಬಿಡಿ" ಅಂತ ನಕ್ಕರು. ನಕ್ಕವರೇ ಈಗ ಹಗ್ಗದ ಆಚೆ ನಿಂತು "ಹಾಕು ಎರಡು" ಅಂತಾರೆ.

ಎರಡನೇ ಬುದ್ಧಿಮಾತು, "ನಿಲ್ಲೋಕೆ ಬಿಟ್ಟರೆ ನಿಲ್ಲೋದನ್ನೇ ಕಲೀತಾನೆ."

ಇದರಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪಿಕೊಳ್ತೀನಿ. ನಿಂತ ತಕ್ಷಣ ಮನೆಗೆ ಕರಕೊಂಡು ಹೋಗಿ ಬೆಲ್ಲ ತಿನ್ನಿಸಿ ಅಲ್ಲಿಗೇ ಮರೆತುಬಿಟ್ಟರೆ ಕಲೀತಾನೆ. ಸವಾರರ ಕಾಲು ಗಟ್ಟಿ ಇರಬೇಕು, ಮನಸ್ಸೂ ಗಟ್ಟಿ ಇರಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಸೋಮಾರಿತನಕ್ಕೆ ನಿಲ್ಲೋ ಕುದುರೆಗೆ ಗದರಬೇಕು. ಆದರೆ ಹೆದರಿ ನಿಲ್ಲೋ ಕುದುರೆಗೂ ಅದೇ ಔಷಧಿ ಅಂದರೆ ಹೇಗೆ? ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಸುತ್ತಲೂ ಬಹಳ ಕಾಣುತ್ತೆ, ಹಣೆಯ ನೇರ ಮುಂದೆ ಹತ್ತಿರದಲ್ಲಿ ಕಾಣಲ್ಲ. ಹೊಳೆಯೋ ನೀರು ಒಂದಡಿ ಇದೆಯೋ ಹತ್ತಡಿ ಇದೆಯೋ ಅವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದ ನೀರಿಗೆ ಇಳಿಯಬೇಡ ಅಂತ ನಮ್ಮ ಮಕ್ಕಳಿಗೆ ನಾವೇ ಹೇಳಿಕೊಡಲ್ವಾ? ಅದೇ ಬುದ್ಧಿ ಕುದುರೆಗಿದ್ದರೆ ಹಟಮಾರಿ ಅಂತೀರಿ.

ನಮ್ಮೂರು ಕುಣಿಗಲ್ ಹತ್ರ. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಂ ಬೇಲಿಗೆ ಮುಖ ಒತ್ತಿಕೊಂಡು ನಿಂತೇ ನನಗೆ ಈ ಹುಚ್ಚು ಹತ್ತಿದ್ದು. ಮುಂದೆ ಹೆಬ್ಬಾಳದಲ್ಲಿ ಎನ್.ಸಿ.ಸಿ. ಕುದುರೆ ದಳದಲ್ಲಿ ಜೀನು ಹಾಕೋದು ಕಲಿತೆ. ಆದರೆ ಎಳೇ ಪ್ರಾಣಿಗೆ ಕೆಲಸ ಕಲಿಸೋದು ಹೇಗೆ ಅನ್ನೋದನ್ನ ನಾನು ಮೊದಲು ನೋಡಿದ್ದು ನಮ್ಮ ತಾತನ ಹತ್ರ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ತಾತ ಮೊದಲು ಬಾಯಿ ಬಿಡಿಸಿ ನೋಡೋರು. ಎರಡು ಹಲ್ಲಾ, ನಾಲ್ಕು ಹಲ್ಲಾ, ಬಾಯಿಗೂಡಿದೆಯಾ ಅಂತ. ಎರಡು ಹಲ್ಲಿನ ಹೋರಿಗೆ ಪೂರಾ ಗಾಡಿ ಭಾರ ಹೊರಿಸಿದವನನ್ನು ಊರೇ ಉಗೀತಿತ್ತು. ಹೊಸ ಹೋರಿಯನ್ನು ಪಳಗಿಸುವಾಗ ಪಕ್ಕದಲ್ಲಿ ಹಳೇ ಎತ್ತು ಕಟ್ಟೋರು. ಖಾಲಿ ನೊಗ, ಆಮೇಲೆ ಖಾಲಿ ಗಾಡಿ, ಆಮೇಲೆ ಅರ್ಧ ಹೊರೆ. ಹೋರಿ ಹಳ್ಳ ಕಂಡು ನಿಂತರೆ ಹಳೇ ಎತ್ತು ಮೊದಲು ಇಳೀತಿತ್ತು, ಇದು ಹಿಂದೆಯೇ ಇಳೀತಿತ್ತು. ತಾತನ ಕೈಯಲ್ಲಿ ಬಾರುಕೋಲು ಇತ್ತು, ಹೆಗಲ ಮೇಲೇ ಇರ್ತಿತ್ತು.

ಕುದುರೆಯೂ ಐದರ ಹೊತ್ತಿಗೆ ಬಾಯಿಗೂಡುತ್ತೆ, ಮುಂದಿನ ಹಾಲುಹಲ್ಲೆಲ್ಲ ಬಿದ್ದು ಹೊಸ ಹಲ್ಲು ಬಂದಿರುತ್ತೆ. ಆದರೆ ಮೂಳೆ ಬಲಿಯೋದು ಕೆಳಗಿಂದ ಮೇಲಕ್ಕೆ. ಗೊರಸಿನ ಹತ್ತಿರದ ಮೂಳೆಗಳು ಮೊದಲು ಗಟ್ಟಿಯಾಗ್ತವೆ, ಬೆನ್ನುಮೂಳೆ ಎಲ್ಲಕ್ಕಿಂತ ಕೊನೆಗೆ, ಐದೂವರೆ ಆರು ವರ್ಷದ ಹತ್ತಿರ. ನಾವು ಜೀನು ಹಾಕಿ ಕೂರೋದು ಆ ಕೊನೆಗೆ ಗಟ್ಟಿಯಾಗೋ ಮೂಳೆಯ ಮೇಲೆ. ಹಾಗಂತ ಆರು ವರ್ಷ ತುಂಬೋವರೆಗೆ ಲಾಯದಲ್ಲಿ ಕಟ್ಟಿ ಹುಲ್ಲು ಹಾಕಿ ಅಂತ ನಾನು ಹೇಳ್ತಿಲ್ಲ. ಎಳೆಯದರಲ್ಲಿ ಹದವಾದ ಓಡಾಟ ಮೂಳೆಗೆ, ಸ್ನಾಯುವಿಗೆ ಒಳ್ಳೇದು. ಹದ ಅನ್ನೋ ಪದಕ್ಕೆ ಮಾತ್ರ ಸ್ವಲ್ಪ ಮರ್ಯಾದೆ ಕೊಡಿ ಅಂತೀನಿ.

ಮೂರನೇ ಬುದ್ಧಿಮಾತು ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. "ರೆಕಾರ್ಡ್ ಹಾಳಾಯ್ತಲ್ಲ, ಮಾರುವಾಗ ಏನು ಮಾಡ್ತೀಯಾ?"

ಹಾಂ, ಈಗ ಬಂದಿರಿ ನೋಡಿ ವಿಷಯಕ್ಕೆ! ಮಿಕ್ಕಿದ್ದೆಲ್ಲ ಇದರ ಮೇಲೆ ಹೊದಿಸಿದ ಶಾಲು. ಸ್ಪರ್ಧೆಗೆ ಹೋದ ಪ್ರತಿ ಕುದುರೆಯ ಫಲಿತಾಂಶ ಕಂಪ್ಯೂಟರಿನಲ್ಲಿ ಕೂತಿರುತ್ತೆ. ಕೊಳ್ಳುವವರು ಮೊದಲು ಅದನ್ನೇ ತೆಗೆದು ನೋಡ್ತಾರೆ. ಐದು ವರ್ಷಕ್ಕೆ ನಾಲ್ಕೈದು ಸ್ಪರ್ಧೆಯಲ್ಲಿ ಎಲ್ಲೂ ನಿಲ್ಲದೆ ಬಂದಿದ್ದರೆ ರೇಟು ಏರುತ್ತೆ. ಆರಕ್ಕೆ ಮೇಲಿನ ದರ್ಜೆಗೆ ಹೋಗಿದ್ದರೆ ಇನ್ನೂ ಏರುತ್ತೆ. ಹಾಗಾಗಿ ಚಾಟಿ ಬೀಸುವ ಎಷ್ಟೋ ಕೈಗಳು ಕುದುರೆಗೆ ಪಾಠ ಕಲಿಸ್ತಿಲ್ಲ, ಮುಂದಿನ ಗಿರಾಕಿಗೆ ಜಾಹೀರಾತು ಬರೀತಿವೆ. ಆ ಜಾಹೀರಾತಿನಲ್ಲಿ ಕುದುರೆ ನಡುಗಿದ್ದು ಕಾಣಲ್ಲ, ಲಾರಿ ಹತ್ತೋಕೆ ಹೆದರೋದು ಕಾಣಲ್ಲ. ನನ್ನ ಬೂದು ಕುದುರೆಯ ರೆಕಾರ್ಡಿನಲ್ಲಿ ಅವಳು ಮನಸ್ಸು ಮುರಿದುಕೊಂಡ ದಿನದ ಎದುರು 'ಆರನೇ ಸ್ಥಾನ' ಅಂತಲೇ ಇದೆ.

ಇದರಲ್ಲಿ ತಮಾಷೆ ಏನು ಗೊತ್ತಾ? ಈ ಆಟ ಹುಟ್ಟಿದ್ದು ಸೈನ್ಯದಲ್ಲಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಮೊದಲ ಸಲ ಬಂದಾಗ ಭಾಗವಹಿಸಿದವರೆಲ್ಲ ಸೇನಾಧಿಕಾರಿಗಳು. ಪಳಗಿದ ಯುದ್ಧದ ಕುದುರೆ ಪೆರೇಡಿನಲ್ಲಿ ಶಿಸ್ತಾಗಿ ನಿಲ್ಲುತ್ತಾ, ಹಳ್ಳಕೊಳ್ಳ ದಾಟುತ್ತಾ, ದಣಿದ ಮೇಲೂ ಕೆಲಸಕ್ಕೆ ಬರುತ್ತಾ ಅಂತ ನೋಡೋಕೆ ಮಾಡಿದ ಪರೀಕ್ಷೆ. ತಯಾರಾದ ಕುದುರೆಗೆ ಇಟ್ಟ ಪರೀಕ್ಷೆಯನ್ನು ತಯಾರಾಗ್ತಿರೋ ಕುದುರೆಗೆ ಇಟ್ಟು, ಪಾಸಾಗಲಿಲ್ಲ ಅಂತ ಬಡಿಯೋದು ಯಾವ ನ್ಯಾಯ? ಎಳೇ ಕುದುರೆಯನ್ನು ಸ್ಪರ್ಧೆಗೆ ಕರಕೊಂಡು ಹೋಗೋದು ಅದಕ್ಕೆ ಲೋಕ ತೋರಿಸೋಕೆ. ಧ್ವನಿವರ್ಧಕ, ಛತ್ರಿ, ನಾಯಿ, ಮಕ್ಕಳು, ನೂರು ಅಪರಿಚಿತ ಕುದುರೆ. ಅಷ್ಟನ್ನು ನೋಡಿ ನೆಮ್ಮದಿಯಾಗಿ ಮನೆಗೆ ಬಂದರೆ ಆ ದಿನದ ಪಾಠ ಮುಗೀತು.

"ಹೀಗೆ ಮೆತ್ತಗಿದ್ದರೆ ಮೇಲೆ ಬರೋಕೆ ಆಗಲ್ಲ" ಅನ್ನುವವರಿಗೆ ಮೇಲೆ ಬಂದವರ ವಯಸ್ಸು ಹೇಳ್ತೀನಿ ಕೇಳಿ. ನ್ಯೂಜಿಲೆಂಡಿನ ಮಾರ್ಕ್ ಟಾಡ್ 1984ರಲ್ಲಿ, 1988ರಲ್ಲಿ ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದಿದ್ದು ಒಂದೇ ಕುದುರೆಯ ಮೇಲೆ, ಅದರ ಹೆಸರು ಕರಿಸ್ಮಾ. ಜರ್ಮನಿಯ ಮಿಖಾಯೆಲ್ ಯುಂಗ್ 2012ರಲ್ಲಿ, 2016ರಲ್ಲಿ ಗೆದ್ದಿದ್ದೂ ಒಂದೇ ಕುದುರೆಯ ಮೇಲೆ, ಅದರ ಹೆಸರು ಸ್ಯಾಮ್. ಎರಡೂ ಕುದುರೆಗಳಿಗೆ ಮೊದಲ ಚಿನ್ನದ ಹೊತ್ತಿಗೆ ಸುಮಾರು 12 ವರ್ಷ, ಎರಡನೆಯದಕ್ಕೆ ಸುಮಾರು 16. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದು, ತಂಡಕ್ಕೂ ಬೆಳ್ಳಿ ತಂದುಕೊಟ್ಟದ್ದು ಸೆನ್ಯೋರ್ ಮೆಡಿಕಾಟ್ ಅನ್ನೋ ಕುದುರೆಯ ಮೇಲೆ. ಆಮೇಲೆ ಅದಕ್ಕೆ ಗಾಯವಾಗಿ ಬಹಳ ಕಾಲ ವಿಶ್ರಾಂತಿ ಕೊಡಬೇಕಾಯ್ತು. ವಾಪಸ್ ಬಂದು 2021ರಲ್ಲಿ ಟೋಕಿಯೋದಲ್ಲಿ ಅವರನ್ನು 23ನೇ ಸ್ಥಾನಕ್ಕೆ ಒಯ್ದಾಗ ಅದಕ್ಕೆ 15 ವರ್ಷ. ಕಾದವರಿಗೆ ಸಿಕ್ಕಿದೆ ಸ್ವಾಮಿ. ಐದನೇ ವರ್ಷದಲ್ಲಿ ಮುರಿದುಬಿಟ್ಟಿದ್ದರೆ ಹದಿನೈದನೇ ವರ್ಷ ಎಲ್ಲಿಂದ ಬರ್ತಿತ್ತು?

ಗುದ್ದಿ ಹಣ್ಣು ಮಾಡೋದು ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ. ಗುದ್ದಿದರೆ ಕಾಯಿ ಮೆತ್ತಗಾಗುತ್ತೆ, ನೋಡೋಕೆ ಹಣ್ಣಿನ ಹಾಗೇ ಇರುತ್ತೆ. ಕತ್ತರಿಸಿದ ಮೇಲೆ ಗೊತ್ತಾಗುತ್ತೆ.

ಈಗ ರಾಗಿ ಸಮಾಚಾರ. ಶನಿವಾರ ರಾತ್ರಿ ಅಮ್ಮನಿಗೆ ಹೇಳಿದ ಹಾಗೆ ಬಕೆಟ್ ನೆಕ್ಕಿ ಖಾಲಿ ಮಾಡಿದ. ಬುಧವಾರ ಆಫೀಸಿಗೆ ಅರ್ಧ ದಿನ ರಜಾ ಹಾಕಿ ಅವನನ್ನು ಪ್ರಾಕ್ಟೀಸ್ ಮೈದಾನಕ್ಕೆ ಕರಕೊಂಡು ಹೋದೆ. ಜೊತೆಗೆ ಲಾಯದ ಹತ್ತೊಂಬತ್ತು ವರ್ಷದ ಮುದುಕಿಯನ್ನೂ ಕರಕೊಂಡು ಹೋದೆವು, ತಾತನ ಹಳೇ ಎತ್ತಿನ ಲೆಕ್ಕದಲ್ಲಿ. ಮುದುಕಿ ಹಿಂದೆಮುಂದೆ ನೋಡದೆ ನೀರಿಗೆ ಇಳಿದು ನಿಂತಳು. ರಾಗಿ ದಡದಲ್ಲಿ ನಿಂತು ನೋಡಿದ, ಮೂಸಿದ, ಬುಸ್ ಅಂದ. ನಾನು ಸುಮ್ಮನೆ ಕೂತಿದ್ದೆ. ಹೊರಳಿ ಹೋಗೋಕೆ ಬಿಡಲಿಲ್ಲ, ಮುಂದಕ್ಕೆ ತಳ್ಳಲೂ ಇಲ್ಲ. ಏಳೆಂಟು ನಿಮಿಷ ಆಗಿರಬೇಕು. ಆಮೇಲೆ ಒಂದು ಕಾಲಿಟ್ಟ. ಇನ್ನೊಂದಿಟ್ಟ. ಮುದುಕಿಯ ಪಕ್ಕಕ್ಕೆ ಹೋಗಿ ನಿಂತು ಮುಂಗಾಲಿನಿಂದ ನೀರು ಬಡಿಯೋಕೆ ಶುರು ಮಾಡಿದ ನೋಡಿ, ನನ್ನ ತಲೆಯಿಂದ ಬೂಟಿನೊಳಗಿನವರೆಗೂ ಸ್ನಾನ. ಅವತ್ತು ಕೊನೆಗೆ ಒಬ್ಬನೇ ನಾಲ್ಕು ಸಲ ನೀರು ದಾಟಿದ, ಎರಡು ಸಲ ಟ್ರಾಟಿನಲ್ಲಿ, ಎರಡು ಸಲ ಓಟದಲ್ಲಿ.

ಚಾಟಿ ಕೈಯಲ್ಲೇ ಇತ್ತು. ಒದ್ದೆಯಾಯ್ತು, ಅಷ್ಟೇ.

ಮುಂದಿನ ತಿಂಗಳು ಅದೇ ದರ್ಜೆಗೆ ಮತ್ತೆ ಹೆಸರು ಕೊಟ್ಟಿದ್ದೀನಿ. ಅಲ್ಲಿಯೂ ನೀರಿದೆ. ಅಲ್ಲಿ ಅವನು ಮತ್ತೆ ನಿಲ್ಲಬಹುದು, ಬೇರೆ ಕೆರೆ ಬೇರೆ ಬಿಸಿಲು. ನಿಂತರೆ ನಿಂತ. ಕೇಳ್ತೀನಿ, ಇನ್ನೊಂದು ಸಲ ಕೇಳ್ತೀನಿ, ಆಮೇಲೂ ಎದೆ ಢಬಢಬ ಅಂತಿದ್ದರೆ ಕೈ ಎತ್ತಿ ಬರ್ತೀನಿ. ಆವಾಗಲೂ ಹಗ್ಗದ ಆಚೆಯಿಂದ ಕೂಗುವವರು ಇರ್ತಾರೆ. ಅವರಿಗೆ ಈಗಲೇ ಹೇಳಿಬಿಡ್ತೀನಿ. ನಿಮಗೆ ಅಷ್ಟು ಅವಸರ ಇದ್ದರೆ ದಯವಿಟ್ಟು ಒಂದು ಮೋಟಾರ್ ಬೈಕು ಕೊಂಡುಕೊಳ್ಳಿ. ಅದಕ್ಕೆ ನೀರು ಕಂಡರೆ ಹೆದರಿಕೆ ಇಲ್ಲ, ಮಾರುವಾಗ ರೆಕಾರ್ಡೂ ಕೇಳಲ್ಲ.

ಭಾವ, ನಿಮಗೂ ಇದೇ ಉತ್ತರ. ಸಿಟ್ಟು ಮಾಡಿಕೊಳ್ಳಬೇಡಿ :)